ಕಿಂಡಿ ಬಿಟ್ಟು ಕುರ್ಚಿಗೆ ಬಂದರು ದೊಡ್ಡಪ್ಪ!

ದಸರಾ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ ಓದುಗರೇ? ಚಿನ್ನದ ಅಂಬಾರಿಯೇ? ಬನ್ನಿಮಂಟಪದ ಪಂಜಿನ ಕವಾಯತೇ? ವಸ್ತುಪ್ರದರ್ಶನದಲ್ಲಿ ಮಾರುವ ಆ ದೊಡ್ಡ ದೆಹಲಿ ಹಪ್ಪಳವೇ? ಕೃಷ್ಣರಾಜನಗರದ ನಮ್ಮ ಮನೆಗೆ ಬಂದು ಇದೇ ಪ್ರಶ್ನೆ ಕೇಳಿ. ಎಂಬತ್ತೊಂಬತ್ತರ ಅಜ್ಜಿಯಿಂದ ಹಿಡಿದು ಏಳು ವರ್ಷದ ಪುಟ್ಟಿಯವರೆಗೆ ಎಲ್ಲರದೂ ಒಂದೇ ಉತ್ತರ: "ಸಿನಿಮಾ!"

ಹೌದು ಸ್ವಾಮಿ, ನಮ್ಮದು ಸಿನಿಮಾದ ಮನೆ. ಹಾಗಂತ ನಮ್ಮಲ್ಲಿ ಹೀರೋಗಳೂ ಇಲ್ಲ, ಪ್ರೊಡ್ಯೂಸರೂ ಇಲ್ಲ. ನನ್ನ ದೊಡ್ಡಪ್ಪ ನಮ್ಮೂರ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. 1974ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ ಪ್ರೊಜೆಕ್ಟರ್ ರೂಮಿನ ಮೆಟ್ಟಿಲು ಹತ್ತಿದವರು, 2020ರ ಮಾರ್ಚಿನಲ್ಲಿ ಕೊರೊನಾ ಬಂದು ಟಾಕೀಸಿಗೆ ಬೀಗ ಬಿದ್ದ ದಿನ ಇಳಿದರು. ಆ ಬೀಗ ಮತ್ತೆ ತೆಗೆಯಲೇ ಇಲ್ಲ. ಟಾಕೀಸಿನ ಹೆಸರು ಬೇಡ ಬಿಡಿ. ಹೆಸರು ಬರೆದರೆ ಬೋರ್ಡು ಕಣ್ಣಿಗೆ ಕಟ್ಟುತ್ತೆ, ಆ ಬೋರ್ಡು ಈಗ ಅಲ್ಲಿಲ್ಲ.

ಲೆಕ್ಕ ಹಾಕಿ. ನಲವತ್ತಾರು ವರ್ಷ! ಅಷ್ಟೂ ವರ್ಷ ನಮ್ಮ ಮನೆಯವರೆಲ್ಲ ಹಬ್ಬಕ್ಕೊಂದು ಸಿನಿಮಾ ನೋಡಿದ್ದೇವೆ. ಆದರೆ ಒಂದೇ ಒಂದು ಸಲವೂ ದೊಡ್ಡಪ್ಪ ನಮ್ಮ ಪಕ್ಕ ಕೂತು ನೋಡಿಲ್ಲ. ಕಳೆದ ದಸರಾ ರಜೆಯಲ್ಲಿ, 2025ರ ಅಕ್ಟೋಬರ್ 4ರ ಶನಿವಾರ, ಅದು ಆಯಿತು. ಹೇಗಾಯಿತು ಅನ್ನೋದೇ ಈ ಕಥೆ.

ಹದಿನಾರು ಜನ, ಒಂದೇ ಬಚ್ಚಲು!

ಆ ಸಲದ ದಸರಾ ಹನ್ನೊಂದು ದಿನದ್ದು. ಬುಧವಾರ ಆಯುಧಪೂಜೆ, ಗುರುವಾರ ವಿಜಯದಶಮಿ. ಗಾಂಧಿ ಜಯಂತಿಯೂ ಅದೇ ಗುರುವಾರ ಬಿದ್ದು ಎರಡು ರಜೆ ಒಂದರಲ್ಲೇ ಕರಗಿ ಹೋಯಿತು ಅಂತ ನೌಕರಿಯವರ ಗೊಣಗಾಟ! ಶುಕ್ರವಾರ ಒಂದು ದಿನ ರಜೆ ಹಾಕಿದರೆ ಭಾನುವಾರದವರೆಗೆ ಐದು ದಿನ. ಮನೆಯವರೆಲ್ಲ ಹಾಗೇ ಮಾಡಿದರು.

ಬೆಂಗಳೂರಿನ ಪೀಣ್ಯದ ಕಾರ್ಖಾನೆಯಲ್ಲಿರುವ ದೊಡ್ಡಪ್ಪನ ಮಗ, ಅಂದರೆ ನನ್ನಣ್ಣ, ಹೆಂಡತಿ ಮಕ್ಕಳ ಜೊತೆ ಬಂದ. ಹಾಸನದಿಂದ ಸೋದರತ್ತೆ, ಮಾವ. ಮಂಡ್ಯದಿಂದ ಚಿಕ್ಕಪ್ಪನ ಸಂಸಾರ. ಜೊತೆಗೆ ಅಣ್ಣನ ಹಳೇ ಸ್ನೇಹಿತರಿಬ್ಬರು. ಒಟ್ಟು ಹದಿನಾರು ಜನ, ಒಂದೇ ಬಚ್ಚಲು! ಬೆಳಗ್ಗೆ ಐದಕ್ಕೆ ಹಂಡೆಗೆ ಬೆಂಕಿ ಹಾಕಿದರೆ ಹತ್ತಾದರೂ ಕ್ಯೂ ಕರಗುತ್ತಿರಲಿಲ್ಲ. "ಹೌಸ್‌ಫುಲ್ ಬೋರ್ಡ್ ಹಾಕ್ರೋ" ಅಂತ ಚಿಕ್ಕಪ್ಪ ಟವಲು ಹೊದ್ದುಕೊಂಡು ಕೂಗುತ್ತಿದ್ದರು.

ಆಯುಧಪೂಜೆಯ ದಿನ ಅಂಗಳದಲ್ಲಿ ಸಾಲಾಗಿ ಎರಡು ಬೈಕು, ಒಂದು ಸ್ಕೂಟರು, ಅಣ್ಣನ ಕಾರು, ಅಜ್ಜಿಯ ಒನಕೆ, ದೊಡ್ಡಮ್ಮನ ಈಳಿಗೆಮಣೆ. ಎಲ್ಲಕ್ಕೂ ಸೇವಂತಿಗೆ ಹಾರ, ವಿಭೂತಿ, ಕುಂಕುಮ. ಕೊನೆಯಲ್ಲಿ ದೊಡ್ಡಪ್ಪ ಒಳಗಿನಿಂದ ಒಂದು ತಗಡಿನ ಪೆಟ್ಟಿಗೆ ತಂದಿಟ್ಟರು. ಅದರಲ್ಲಿ ಏನಿದೆ ಅಂತೀರಿ? ಫಿಲ್ಮ್ ಜೋಡಿಸುವ ಸಣ್ಣ ಮಿಷನ್ನು, ಎರಡು ಸ್ಕ್ರೂಡ್ರೈವರು, ಒಂದು ಬ್ಲೇಡು, ಉರಿದು ಉಳಿದ ಮೂರು ಕಾರ್ಬನ್ ಕಡ್ಡಿಯ ತುಂಡು. ಟಾಕೀಸು ಮುಚ್ಚಿದ ಮೇಲೆ ಅವರ ಆಯುಧಪೂಜೆ ಅಂದರೆ ಇಷ್ಟೇ. ಮಂಗಳಾರತಿ ಎತ್ತಿದಾಗ ಅವರು ಯಾರ ಕಡೆಯೂ ನೋಡಲಿಲ್ಲ.

ಟಾಕೀಸಿನ ಆಯುಧಪೂಜೆ

ನನಗೆ ಹತ್ತು ವರ್ಷ ಇದ್ದಾಗ, 2007ರಲ್ಲಿ, ದೊಡ್ಡಪ್ಪ ನನ್ನನ್ನು ಆಯುಧಪೂಜೆಗೆ ಪ್ರೊಜೆಕ್ಟರ್ ರೂಮಿಗೆ ಕರೆದುಕೊಂಡು ಹೋಗಿದ್ದರು. ಅಬ್ಬಬ್ಬಾ! ಜೋಡಿ ಪ್ರೊಜೆಕ್ಟರು, ಜೋಡೆತ್ತಿನ ಹಾಗೆ ನಿಂತಿದ್ದವು. ಕೊಂಬಿಗೆ ಕಟ್ಟಿದ ಹಾಗೆ ಹೂವಿನ ಹಾರ. ಹೊರಗೆ ಬುಕ್ಕಿಂಗ್ ಕಿಟಕಿ ಮುಂದೆ ಬೂದುಗುಂಬಳಕಾಯಿ ಒಡೆದರು. ಮಾಲೀಕರು ಗೇಟ್ ಕೀಪರ್, ಸೈಕಲ್ ಸ್ಟ್ಯಾಂಡಿನವನು, ಪೋಸ್ಟರ್ ಹಚ್ಚುವವನು, ಕಸ ಗುಡಿಸುವ ಅಮ್ಮ ಎಲ್ಲರಿಗೂ ಕಡ್ಲೆಪುರಿ, ಸ್ವೀಟು, ಕವರಿನಲ್ಲಿ ದುಡ್ಡು ಕೊಟ್ಟರು. ಆಗ ಪುನೀತ್ ರಾಜ್‌ಕುಮಾರ್ ಅವರ 'ಮಿಲನ' ಓಡುತ್ತಿದ್ದ ಕಾಲ. ದೊಡ್ಡಪ್ಪ ನನ್ನನ್ನು ಎತ್ತಿ ಗೋಡೆಯ ಸಣ್ಣ ಚೌಕದ ಕಿಂಡಿಯಲ್ಲಿ ತೆರೆ ತೋರಿಸಿದರು. "ಈ ಅಪ್ಪುನ 'ಭಕ್ತ ಪ್ರಹ್ಲಾದ'ದಲ್ಲಿ ಮಗು ಆಗಿದ್ದಾಗಿಂದ ಇದೇ ಕಿಂಡೀಲಿ ನೋಡಿವ್ನಿ ಕಣ್ಲಾ" ಅಂದಿದ್ದರು. 'ಭಕ್ತ ಪ್ರಹ್ಲಾದ' ಬಂದದ್ದು 1983ರಲ್ಲಿ. ಮಗು ಹೀರೋ ಆಗುವವರೆಗೆ ಒಬ್ಬ ಮನುಷ್ಯ ಅದೇ ಕಿಂಡಿಯ ಹಿಂದೆ ನಿಂತಿದ್ದ! 2021ರ ಅಕ್ಟೋಬರ್ 29ರಂದು ಅಪ್ಪು ಹೋದ ಸುದ್ದಿ ಬಂದಾಗ ದೊಡ್ಡಪ್ಪ ಆ ದಿನ ಊಟ ಮಾಡಲಿಲ್ಲ.

ನಾನು ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಸಿನಿಮಾ ಬಗ್ಗೆ ಬರೆಯುತ್ತೇನೆ ಅಂತ ಹೊರಟಾಗ ಮನೆಯಲ್ಲಿ ಬಯ್ಯದೆ ಇದ್ದವರು ಅವರೊಬ್ಬರೇ. ಇದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಬಸ್ಸಿನ ಮೇಲೆ ಬರುತ್ತಿದ್ದ ಹೀರೋಗಳು

ಗುರುವಾರ ಟಿ.ವಿ. ಮುಂದೆ ಜಂಬೂಸವಾರಿ. ಏಳುನೂರೈವತ್ತು ಕಿಲೋ ತೂಕದ ಅಂಬಾರಿ ಹೊತ್ತು ಅಭಿಮನ್ಯು ಹೆಜ್ಜೆ ಹಾಕುತ್ತಿದ್ದಾನೆ, ಇಲ್ಲಿ ಹೆಂಗಸರು ಒಬ್ಬಟ್ಟು ತಟ್ಟುತ್ತಿದ್ದಾರೆ. ಒಂದೊಂದು ಒಬ್ಬಟ್ಟಿಗೆ ಒಂದೊಂದು ನೆನಪು!

ಅಜ್ಜಿಗೆ 1977ರ ದಸರಾ ಇನ್ನೂ ನಿನ್ನೆ ಮೊನ್ನೆಯ ಹಾಗೆ. 'ಬಭ್ರುವಾಹನ' ನಮ್ಮೂರಿಗೆ ಬಂದಿತ್ತು. ಅರ್ಜುನನೂ ಅಣ್ಣಾವ್ರೇ, ಬಭ್ರುವಾಹನನೂ ಅಣ್ಣಾವ್ರೇ! ನಿರ್ದೇಶಕರು ನಮ್ಮ ಪಕ್ಕದ ಹುಣಸೂರಿನ ಹೆಸರು ಹೊತ್ತ ಹುಣಸೂರು ಕೃಷ್ಣಮೂರ್ತಿ. ಹಳ್ಳಿಗಳಿಂದ ಎತ್ತಿನ ಗಾಡಿ ಕಟ್ಟಿಕೊಂಡು ಜನ ಬಂದಿದ್ದರಂತೆ. ಗಾಂಧಿ ಕ್ಲಾಸಿನಲ್ಲಿ ಮುಂದೆ ಮಣ್ಣಿನ ನೆಲದ ಮೇಲೆ ಕೂತವರು, ಹಿಂದೆ ಬೆಂಚಿನವರು, ಅಪ್ಪ ಮಗ ಮಾತಿಗೆ ಮಾತು ಕೊಟ್ಟಾಗ ಎಲ್ಲರೂ ಎದ್ದು ನಿಂತರಂತೆ. "ನನ್ ಮಗ ಬುಟ್ಟ ಸಿನಿಮಾ ಅಂತ ನಾನು ಎಲ್ರಿಗೂ ಹೇಳ್ತಿದ್ದೆ" ಅಂದರು ಅಜ್ಜಿ. ಅವರ ಲೆಕ್ಕದಲ್ಲಿ ಸಿನಿಮಾ ಮಾಡಿದವರು ಬೇರೆ, 'ಬಿಟ್ಟವರು' ಬೇರೆ!

ಈಗಿನ ಹುಡುಗರಿಗೆ ಸಿನಿಮಾ ಊರಿಗೆ ಹೇಗೆ ಬರುತ್ತಿತ್ತು ಅನ್ನೋದೇ ಗೊತ್ತಿಲ್ಲ. ಪುಟ್ಟಿ ಕೇಳಿಯೇಬಿಟ್ಟಳು. ದೊಡ್ಡಪ್ಪ ಬಾಯಿ ಬಿಟ್ಟಿದ್ದು ಆಗಲೇ.

ಬೆಂಗಳೂರಿನ ಗಾಂಧಿನಗರದ ಹಂಚಿಕೆದಾರರ ಆಫೀಸಿನಿಂದ ಫಿಲ್ಮಿನ ಪೆಟ್ಟಿಗೆ ಬಸ್ಸಿನ ಟಾಪಿನ ಮೇಲೆ ಬರುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೊಂಡು ತಲೆ ಮೇಲೆ ಹೊತ್ತು ತರಬೇಕು. ಬಸ್ಸು ಕೆಟ್ಟರೆ ಹೀರೋನೂ ಇಲ್ಲ, ಹೀರೋಯಿನ್ನೂ ಇಲ್ಲ! ಪ್ರಿಂಟು ದೊಡ್ಡ ಊರುಗಳಲ್ಲಿ ಓಡಿ ಸವೆದು ಸಣ್ಣ ಊರಿಗೆ ಬರುವ ಹೊತ್ತಿಗೆ ತೆರೆಯ ಮೇಲೆ ಗೀರೋ ಗೀರು, ಬೇಸಿಗೆ ಸೀನಿನಲ್ಲೂ ಮಳೆ ಸುರಿದ ಹಾಗೆ. ಹರಿದ ಕಡೆ ಬ್ಲೇಡಿನಲ್ಲಿ ಕೆರೆದು, ಅಂಟು ಹಚ್ಚಿ ಜೋಡಿಸಬೇಕು.

ಸಾವಿರ ಅಡಿಯ ಒಂದು ರೀಲು ಓಡುವುದು ಸುಮಾರು ಹನ್ನೊಂದು ನಿಮಿಷ. ಎರಡು ರೀಲು ಸೇರಿಸಿ ಒಂದು ಸ್ಪೂಲಿಗೆ ಸುತ್ತಿಕೊಂಡರೆ ಇಪ್ಪತ್ತೆರಡು ನಿಮಿಷ. ಒಂದು ಪ್ರೊಜೆಕ್ಟರಿನಲ್ಲಿ ಅದು ಮುಗಿಯುವಷ್ಟರಲ್ಲಿ ಇನ್ನೊಂದು ತಯಾರಿರಬೇಕು. ತೆರೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚುತ್ತದೆ. ಆಗ ಎರಡನೇ ಮಿಷನ್ನಿನ ಮೋಟಾರು ಹಾಕಬೇಕು. ಏಳು ಸೆಕೆಂಡ್ ಕಳೆದು ಇನ್ನೊಂದು ಚುಕ್ಕಿ. ಆಗ ಬದಲಾಯಿಸಬೇಕು. ಕಣ್ಣು ಮಿಟುಕಿಸಿದರೆ ತೆರೆ ಬೆಳ್ಳಗೆ!

"ಮತ್ತೆ ಈ ಕಡ್ಡಿ ಯಾಕೆ ತಾತ?" ಅಂದಳು ಪುಟ್ಟಿ, ಕಾರ್ಬನ್ ತುಂಡು ಹಿಡಿದು.

"ಅದೇ ಕಣವ್ವ ನಮ್ ಸೂರ್ಯ. ಎರಡು ಕಡ್ಡಿ ತುದಿ ಹತ್ರ ತಂದ್ರೆ ಕಿಡಿ ಹತ್ಕೊಂಡು ಬೆಳಕಾಯ್ತದೆ. ಉರೀತಾ ಉರೀತಾ ಕಡ್ಡಿ ಸವೀತದೆ. ಸವೆದಂಗೆಲ್ಲ ತಿರುಗುಣಿ ತಿರುಗಿಸ್ತಾ ಹತ್ರ ತರ್ತಿರ್ಬೇಕು. ಒಂಚೂರು ಮರೆತ್ರೆ ರಾಜ್‌ಕುಮಾರ್ ಮುಖ ಕಪ್ಪಾಯ್ತದೆ!"

ಎಲ್ಲರೂ ನಕ್ಕರು. ಅಣ್ಣ ಒಬ್ಬ ನಗಲಿಲ್ಲ.

ಜಗಲಿಯ ಮೇಲಿನ ಮಾತು

ಶುಕ್ರವಾರ ರಾತ್ರಿ ಊಟ ಆಗಿ ಗಂಡಸರು ಜಗಲಿ ಮೇಲೆ ಚಾಪೆ ಹಾಸಿಕೊಂಡಿದ್ದರು. ನಾಳೆ ಮೈಸೂರಿಗೆ ಸಿನಿಮಾಕ್ಕೆ ಹೋಗೋದು ಅಂತ ಮಾತಾಯಿತು. ಸಿನಿಮಾ ಯಾವುದು ಅಂತ ಯೋಚಿಸುವ ಹಾಗೇ ಇರಲಿಲ್ಲ. ವಿಜಯದಶಮಿಯ ದಿನವೇ ರಿಷಬ್ ಶೆಟ್ಟಿಯವರ 'ಕಾಂತಾರ ಚಾಪ್ಟರ್ 1' ಬಿಡುಗಡೆಯಾಗಿತ್ತು. ಮೊದಲ 'ಕಾಂತಾರ'ವೂ 2022ರಲ್ಲಿ ನವರಾತ್ರಿಯ ಮಧ್ಯೆಯೇ, ಸೆಪ್ಟೆಂಬರ್ 30ಕ್ಕೆ ಬಂದಿತ್ತು. ದೊಡ್ಡಪ್ಪ ಅದನ್ನು ನೋಡಿರಲಿಲ್ಲ. ಟಾಕೀಸು ಮುಚ್ಚಿದ ಮೇಲೆ ಅವರು ಯಾವ ಥಿಯೇಟರಿಗೂ ಕಾಲಿಟ್ಟಿರಲಿಲ್ಲ.

"ನೀವೂ ಬನ್ನಿ ದೊಡ್ಡಪ್ಪ" ಅಂದೆ.

"ನಾನ್ಯಾಕಪ್ಪ? ಜೀವಮಾನಕ್ಕಾಗೋವಷ್ಟು ನೋಡಿವ್ನಿ. ನೀವು ಹೋಗ್ಬನ್ನಿ."

ಆಗ ಅಣ್ಣ ಎದ್ದು ಕೂತ. "ಬ್ಯಾಡ ಬುಡೋ. ನಾವ್ ಚಿಕ್ಕೋರಿದ್ದಾಗ ಯಾವ ಹಬ್ಬದಲ್ಲಿ ಬಂದು ನಮ್ ಜೊತೆ ಕೂತಿದ್ರು? ಈಗ ಬರ್ತಾರಾ?" ಅಂದ.

ಜಗಲಿ ಸ್ತಬ್ಧ! ಅಣ್ಣನ ಮನಸ್ಸಿನಲ್ಲಿ ಇಷ್ಟೊಂದು ಇತ್ತಾ ಅಂತ ನನಗೇ ಆಶ್ಚರ್ಯ. ಅವನು ನಿಲ್ಲಿಸಲಿಲ್ಲ. ಬೇರೆ ದಿನ ಮೂರು ಆಟ ಆದರೆ ಹಬ್ಬಕ್ಕೆ ನಾಲ್ಕು ಆಟ. ದೀಪಾವಳಿಯ ಪಟಾಕಿ ಹಚ್ಚಿಸಿದ್ದು ಚಿಕ್ಕಪ್ಪ, ಜಾತ್ರೆ ತೋರಿಸಿದ್ದು ನಮ್ಮಪ್ಪ. ಅವನಿಗೆ ಹನ್ನೊಂದು ವರ್ಷವಿದ್ದಾಗ 'ಜೀವನ ಚೈತ್ರ' ನಮ್ಮೂರಿಗೆ ಬಂದಿತ್ತಂತೆ. ಮೂರು ವರ್ಷದ ಮೇಲೆ ಅಣ್ಣಾವ್ರು ತೆರೆಗೆ ಮರಳಿದ 1992ರ ಸಿನಿಮಾ, ಜನ ಕಾಲಿಡೋಕೆ ಜಾಗ ಇಲ್ಲ. ನಡುವೆ ರೀಲು ಕಟ್ಟಾಯಿತು. ಇಡೀ ಟಾಕೀಸು ಎದ್ದು ನಿಂತು "ಲೇ ಆಪರೇಟ್ರೇ" ಅಂತ ಅಪ್ಪ ಅಮ್ಮ ಎಲ್ಲ ಸೇರಿಸಿ ಬಯ್ದಿತು. ಆಪರೇಟರಿಗೆ ಬಯ್ಯೋದು ನಮ್ಮ ಪ್ರೇಕ್ಷಕರ ಜನ್ಮಸಿದ್ಧ ಹಕ್ಕು ತಾನೇ! ದೊಡ್ಡಮ್ಮ ಸೆರಗು ಹೊದ್ದು ತಲೆ ತಗ್ಗಿಸಿ ಕೂತಿದ್ದರು. ಅಣ್ಣ ಹಿಂದಿನ ಸೀಟಿನವನ ಮೇಲೆ ಬಿದ್ದು ಹೊಡೆದು, ಹೊಡೆಸಿಕೊಂಡು ಬಂದಿದ್ದ. ಹುಬ್ಬಿನ ಮೇಲೆ ಆ ಗಾಯದ ಗುರುತು ಇನ್ನೂ ಇದೆ. "ಆವತ್ತೂ ನೀವು ಕೆಳಗೆ ಇಳಿದು ಬರ್ಲಿಲ್ಲ" ಅಂದ.

ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ನಾನ್ ಇಳಿದು ಬಂದಿದ್ರೆ ರೀಲ್ ಯಾರು ಜೋಡುಸ್ತಿದ್ರು ಮಗ?" ಅಂದರು. ಎದ್ದು ಒಳಗೆ ಹೋದರು.

ಬಾಗಿಲ ಹತ್ತಿರ ನಿಂತಿದ್ದ ದೊಡ್ಡಮ್ಮ ಆಗ ಒಂದು ಮಾತು ಹೇಳಿದರು. ಪ್ರತಿ ಹಬ್ಬದಲ್ಲೂ ಇಂಟರ್ವಲ್ ಆದಾಗ ಅವರು ಹಿಂದೆ ತಿರುಗಿ ಟಿಫಿನ್ ಕ್ಯಾರಿಯರ್ ಎತ್ತಿ ತೋರಿಸುತ್ತಿದ್ದರಂತೆ. ಕಿಂಡಿಯಲ್ಲಿ ಒಂದು ಕೈ ಆಡುತ್ತಿತ್ತಂತೆ. "ಅಷ್ಟೇ ಕಣಪ್ಪ ನಮ್ ಹಬ್ಬ" ಅಂದು ಲೈಟ್ ಆರಿಸಿದರು.

ಬೆಳಗ್ಗೆ ಎದ್ದು ನೋಡಿದರೆ ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಜಗಲಿ ಮೇಲೆ ತಯಾರಾಗಿ ಕೂತಿದ್ದಾರೆ! ಯಾರೂ ಏನೂ ಕೇಳಲಿಲ್ಲ. ಅಣ್ಣ ಮೊಬೈಲ್ ತೆಗೆದು ಇನ್ನೊಂದು ಟಿಕೆಟ್ ಬುಕ್ ಮಾಡಿದ.

ಹದಿನೈದು ರೀಲಿನ ಸಿನಿಮಾ

ಅಜ್ಜಿ ಮತ್ತು ಅವರ ಜೊತೆಗೆ ಸೋದರತ್ತೆ ಮನೆಯಲ್ಲಿ ಉಳಿದರು. ಮಿಕ್ಕ ಹದಿನಾಲ್ಕು ಜನ ಮೈಸೂರು ಬಸ್ ಹತ್ತಿದೆವು. ಶಕ್ತಿ ಯೋಜನೆಯ ಪುಣ್ಯ, ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. "ಉಳಿದ ದುಡ್ಡಿಗೆ ಪಾಪ್‌ಕಾರ್ನ್" ಅಂತ ಹುಡುಗರ ತೀರ್ಮಾನ!

ಮಲ್ಟಿಪ್ಲೆಕ್ಸ್ ಕಡೆ ನಾವು ತಲೆ ಹಾಕಲಿಲ್ಲ. ಟಿಕೆಟ್ ದರ ಇನ್ನೂರು ರೂಪಾಯಿ ದಾಟಬಾರದು ಅಂತ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ನಿಯಮ ತಂದಿತ್ತು. ಅದೇ ತಿಂಗಳು ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಹದಿನಾಲ್ಕು ಜನರ ಮನೆ ಒಟ್ಟಿಗೆ ಅಲ್ಲಿ ಕೂರಬೇಕಾದರೆ ಒಂದು ತಿಂಗಳ ರೇಷನ್ ಮರೆಯಬೇಕು. ಹಾಗಾಗಿ ಹಳೇ ಥಿಯೇಟರೊಂದಕ್ಕೇ ಹೋದೆವು. ಮೈಸೂರಿನಲ್ಲಿ ಅಂಥವೂ ಒಂದೊಂದೇ ಕಡಿಮೆಯಾಗುತ್ತಿವೆ. ಶಾಂತಲಾ 2020ರಲ್ಲೇ ಬಾಗಿಲು ಹಾಕಿತು. ಬೆಂಗಳೂರಿನ ಕಪಾಲಿಯಂಥ ಕಪಾಲಿಯೇ ಈಗಿಲ್ಲ!

ಒಳಗೆ ಕಾಲಿಡುತ್ತಲೇ ಎಲ್ಲರೂ ತೆರೆ ಕಡೆ ನೋಡಿದರೆ ದೊಡ್ಡಪ್ಪ ಹಿಂದೆ ತಿರುಗಿ ಕಿಂಡಿ ನೋಡಿದರು. ದೊಡ್ಡಮ್ಮ ಮತ್ತು ಅಣ್ಣನ ನಡುವಿನ ಕುರ್ಚಿ ಅವರಿಗೆ. ಸಿನಿಮಾ ಶುರುವಾಯಿತು. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ, ಅಜನೀಶ್ ಲೋಕನಾಥ್ ಅವರ ಸಂಗೀತ, ಕಾಡು, ದೈವ, ರುಕ್ಮಿಣಿ ವಸಂತ್ ಅವರ ಚೆಲುವು. ಜನ ಕೂಗುತ್ತಿದ್ದಾರೆ, ಶಿಳ್ಳೆ ಹೊಡೆಯುತ್ತಿದ್ದಾರೆ. ದೊಡ್ಡಪ್ಪ ಮಾತ್ರ ಇಪ್ಪತ್ತು ನಿಮಿಷಕ್ಕೊಮ್ಮೆ ಬೆನ್ನು ನೆಟ್ಟಗೆ ಮಾಡಿ ತೆರೆಯ ಬಲ ಮೂಲೆ ನೋಡುತ್ತಿದ್ದರು. ಚುಕ್ಕಿ ಬರುತ್ತಾ ಅಂತ! ಕಂಪ್ಯೂಟರಿನ ಸಿನಿಮಾದಲ್ಲಿ ಚುಕ್ಕಿ ಎಲ್ಲಿಂದ ಬರಬೇಕು? ಮೂರನೇ ಸಲಕ್ಕೆ ಅಣ್ಣ ಅವರ ತೊಡೆ ಮೇಲೆ ಕೈಯಿಟ್ಟ. ಆಮೇಲೆ ಅವರು ಒರಗಿ ಕೂತರು.

ಇಂಟರ್ವಲ್. ದೀಪ ಹತ್ತಿದರೆ ದೊಡ್ಡಪ್ಪನ ಕುರ್ಚಿ ಖಾಲಿ! ಅಣ್ಣನ ಮುಖ ಸಪ್ಪಗಾಯಿತು. "ಎದ್ದು ಹೋದ್ರು ನೋಡು" ಅಂದ. ಇಬ್ಬರೂ ಹುಡುಕಿಕೊಂಡು ಹೋದೆವು. ಊಹಿಸಿದ ಹಾಗೇ ಪ್ರೊಜೆಕ್ಟರ್ ರೂಮಿನ ಮೆಟ್ಟಿಲ ಮೇಲೆ ಸಿಕ್ಕರು. ಬಾಗಿಲಲ್ಲಿ ಒಬ್ಬ ಹುಡುಗ, ನನಗಿಂತ ಚಿಕ್ಕವನು. ಸಿನಿಮಾ ಹಾರ್ಡ್ ಡಿಸ್ಕಿನಲ್ಲಿ ಬರುತ್ತೆ, ಇಷ್ಟು ದಿನ ಮಾತ್ರ ತೆರೆದುಕೊಳ್ಳುವ ಬೀಗದ ಕೀಲಿಯೂ ಕಂಪ್ಯೂಟರಿಗೇ ಬರುತ್ತೆ ಅಂತ ವಿವರಿಸುತ್ತಿದ್ದ. ಇವರು ಕಾರ್ಬನ್ ಕಾಲದ ಆಪರೇಟರ್ ಅಂತ ತಿಳಿದ ಮೇಲೆ ಅವನ ಕಣ್ಣು ಅರಳಿತ್ತು.

"ಒಳಗೆ ಬನ್ನಿ ಸಾರ್. ಸೆಕೆಂಡ್ ಹಾಫ್ ನೀವೇ ಸ್ಟಾರ್ಟ್ ಮಾಡಿ. ಒಂದೇ ಬಟನ್ನು" ಅಂದ.

ದೊಡ್ಡಪ್ಪ ಒಳಗೆ ಇಣುಕಿ ನೋಡಿದರು. ಐದು ವರ್ಷದಿಂದ ಅವರು ಕಾಣದ ಕೋಣೆ ಅದು. ನಾನಂತೂ ಅವರು ಹೋಗೇ ಹೋಗ್ತಾರೆ ಅಂದುಕೊಂಡೆ. ಅವರು ಹುಡುಗನ ಭುಜ ತಟ್ಟಿದರು.

"ಬ್ಯಾಡ ಕಣಪ್ಪ. ನೀನೇ ಬುಡು. ಅಲ್ಲಿ ನಮ್ಮೋರು ಕಾಯ್ತಾವ್ರೆ."

ತಿರುಗಿದರೆ ಅಣ್ಣ ನಿಂತಿದ್ದಾನೆ! ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಸಿನಿಮಾಗಳಲ್ಲಾದರೆ ಇಲ್ಲಿ ಅಪ್ಪುಗೆ, ಕಣ್ಣೀರು, ಹಿನ್ನೆಲೆಯಲ್ಲಿ ವೀಣೆ. ಇಲ್ಲಿ ಅಂಥದ್ದೇನೂ ಆಗಲಿಲ್ಲ. "ಮೆಟ್ಲು ಕಡಿದಾಗವೆ, ಹುಷಾರಪ್ಪ" ಅಂದ ಅಣ್ಣ, ಕೈ ಹಿಡಿದು ಇಳಿಸಿದ. ಕುರ್ಚಿಗೆ ಬಂದಾಗ ದೊಡ್ಡಮ್ಮ ಸೆರಗಿನ ಮರೆಯಿಂದ ಹಬ್ಬದ ಕಡ್ಲೆಪುರಿಯ ಪೊಟ್ಟಣ ತೆಗೆದು ಗಂಡನ ಕೈಗಿಟ್ಟರು. ಅಷ್ಟು ವರ್ಷ ದೂರದಿಂದ ಎತ್ತಿ ತೋರಿಸಿದ್ದನ್ನು ಆವತ್ತು ಕೈಗೇ ಕೊಟ್ಟರು.

ಎರಡೂಮುಕ್ಕಾಲು ಗಂಟೆಯ ಸಿನಿಮಾ ಮುಗಿಸಿ ಹೊರಗೆ ಬಂದಾಗ ದೊಡ್ಡಪ್ಪನ ವಿಮರ್ಶೆ ಒಂದೇ ಸಾಲು: "ಹದಿನೈದು ರೀಲು. ಎಲ್ಲೂ ಕಟ್ಟಾಗ್ಲಿಲ್ಲ!"

ಬಸ್ ಸ್ಟ್ಯಾಂಡಿನಲ್ಲಿ

ಭಾನುವಾರ ನಾಟಿಕೋಳಿ ಸಾರು, ರಾಗಿಮುದ್ದೆ. ಹಬ್ಬ ಮುಗಿಯಲಿ ಅಂತ ಕಾಯುತ್ತಿದ್ದ ಚಿಕ್ಕಪ್ಪನಿಗೆ ಆವತ್ತೇ ನಿಜವಾದ ದಸರಾ! ಸಂಜೆ ಒಬ್ಬೊಬ್ಬರಾಗಿ ಹೊರಟರು. ಕಡ್ಲೆಪುರಿ, ಒಬ್ಬಟ್ಟು, ತೆಂಗಿನಕಾಯಿ ತುಂಬಿದ ಚೀಲಗಳು. ಅಣ್ಣನ ಕಾರಿನಲ್ಲಿ ಜಾಗವಿಲ್ಲದ್ದರಿಂದ ಅವನ ಸ್ನೇಹಿತರನ್ನು ಬಸ್ಸಿಗೆ ಬಿಡಲು ನಾನೂ ದೊಡ್ಡಪ್ಪನೂ ಬಸ್ ಸ್ಟ್ಯಾಂಡಿಗೆ ಹೋದೆವು. "ಇಲ್ಲೇ ಪೆಟ್ಟಿಗೆ ಇಳಿಸ್ತಿದ್ವಿ" ಅಂತ ದೊಡ್ಡಪ್ಪ ಒಂದು ಕಂಬ ತೋರಿಸಿದರು. ಈಗ ಅಲ್ಲಿ ಪುಸ್ತಕದ ಅಂಗಡಿ. ಇಂಥದ್ದೇ ಸಿನಿಮಾ ಪತ್ರಿಕೆಗಳನ್ನು ದಾರಕ್ಕೆ ಕ್ಲಿಪ್ ಹಾಕಿ ನೇತು ಬಿಟ್ಟಿದ್ದರು.

ಹೊರಡುವ ಮೊದಲು ಅಣ್ಣ ಹೇಳಿ ಹೋಗಿದ್ದ: "ದೀಪಾವಳಿಗೂ ಒಂದು ಸಿನಿಮಾ ಅಪ್ಪ. ನಿಮ್ ಟಿಕೆಟ್ ನಂದು."

ಓದುಗ ಮಿತ್ರರೇ, ನಮ್ಮ ಹಬ್ಬದ ನೆನಪುಗಳಲ್ಲಿ ನಾವೆಲ್ಲ ಇರುತ್ತೇವೆ, ಹಬ್ಬ ನಡೆಸಿಕೊಟ್ಟವರು ಇರುವುದಿಲ್ಲ. ರಜೆಯ ದಿನ ಬಸ್ ಓಡಿಸುವವರು, ಹೋಟೆಲಿನಲ್ಲಿ ದೋಸೆ ಹೊಯ್ಯುವವರು, ಟಾಕೀಸಿನಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವವರು... ಅವರ ಮನೆಯಲ್ಲೂ ಮಕ್ಕಳಿರುತ್ತಾರೆ, ಒಬ್ಬಟ್ಟು ಆರುತ್ತಿರುತ್ತದೆ. ಮುಂದಿನ ಹಬ್ಬಕ್ಕೆ ನೀವು ಸಿನಿಮಾಕ್ಕೆ ಹೋದಾಗ, ದೀಪ ಆರಿ ನಿಮ್ಮ ತಲೆಯ ಮೇಲಿಂದ ಆ ಬೆಳಕಿನ ಕೋಲು ಹಾದು ಹೋಗುವಾಗ, ಒಂದೇ ಒಂದು ಸಲ ಹಿಂದೆ ತಿರುಗಿ ನೋಡಿ. ಕಿಂಡಿಯಲ್ಲಿ ಒಂದು ಮುಖ ಕಾಣಬಹುದು. ಕೈ ಬೀಸಿ!